ಬೇಕರಿಯ ಕುಸ್ವಾರ್ ಡಬ್ಬಿ: ಯಾವುದನ್ನು ಕೊಳ್ಳಬಹುದು, ಯಾವುದು ಮನೆಯಲ್ಲೇ ಆಗಬೇಕು

ಡಿಸೆಂಬರ್ ಹತ್ತು ದಾಟುತ್ತಿದ್ದಂತೆ ಮಂಗಳೂರು, ಉಡುಪಿ ಕಡೆಯ ಬೇಕರಿಗಳಲ್ಲಿ ಕುಸ್ವಾರ್, ಅಂದರೆ ಕ್ರಿಸ್ಮಸ್ ತಿಂಡಿಗಳ ಡಬ್ಬಿಗಳ ರಾಶಿ ಏಳುತ್ತದೆ. ಅರ್ಧ ಕಿಲೋದ್ದು, ಒಂದು ಕಿಲೋದ್ದು, ಮೇಲೆ ನಕ್ಷತ್ರದ ಚಿತ್ರ, ಕೆಂಪು ರಿಬ್ಬನ್. ಈಗ ಬೆಂಗಳೂರಿನಲ್ಲೂ ಸಿಗುತ್ತದೆ, ಆನ್‌ಲೈನ್‌ನಲ್ಲಿ ಆರ್ಡರ್ ಮಾಡಿದರೆ ಮನೆಬಾಗಿಲಿಗೂ ಬರುತ್ತದೆ. ಇದು ಯಾವುದೋ ಒಂದು ಅಂಗಡಿಯ ವಿಮರ್ಶೆಯಲ್ಲ. ಏಳೆಂಟು ಬಗೆಯನ್ನು ಒಟ್ಟಿಗೆ ತುಂಬಿ ಮಾರುವ ಈ ‘ಮಿಕ್ಸ್’ ಡಬ್ಬಿಯದ್ದು. ತೀರ್ಪನ್ನು ಮೊದಲೇ ಹೇಳಿಬಿಡೋಣ: ಒಳಗಿನ ತಿಂಡಿಗಳು ಬಹುಪಾಲು ಚೆನ್ನಾಗಿಯೇ ಇರುತ್ತವೆ, ಅವನ್ನು ಕೆಡಿಸುವುದು ಡಬ್ಬಿ. ಅದೇ ಬೇಕರಿಯಲ್ಲಿ ಮೂರ್ನಾಲ್ಕು ಬಗೆಯನ್ನು ಬಿಡಿಬಿಡಿಯಾಗಿ ತೂಗಿಸಿಕೊಂಡು, ಕರ್ಜಿಕಾಯಿಯಂಥ ನೆವ್ರಿ ಒಂದನ್ನು ಮನೆಯಲ್ಲಿ ಮಾಡಿಕೊಂಡರೆ ಹೊಸವರ್ಷ ಕಳೆದರೂ ಕುಸ್ವಾರ್ ಗರಿಗರಿಯಾಗಿ ಉಳಿಯುತ್ತದೆ.

ಘಟ್ಟದ ಮೇಲಿನವರಿಗಾಗಿ ಸ್ವಲ್ಪ ಹಿನ್ನೆಲೆ. ಕುಸ್ವಾರ್ ಎಂದರೆ ಒಂದು ತಿಂಡಿಯಲ್ಲ, ಕ್ರಿಸ್ಮಸ್‌ಗೆ ಮಂಗಳೂರಿನ ಕೊಂಕಣಿ ಕ್ಯಾಥೊಲಿಕರ ಮನೆಗಳಲ್ಲಿ ಮಾಡಿ, ತಟ್ಟೆಗಿಟ್ಟು, ಅಕ್ಕಪಕ್ಕದ ಮನೆಗಳಿಗೆಲ್ಲ ಹಂಚುವ ತಿಂಡಿಗಳ ಗುಂಪು. ಸುರುಳಿಯಾಕಾರದ ಕಿಡ್ಯೊ, ಗೋಲಿಯಂಥ ಗುಳಿಯೊ, ನೆವ್ರಿ, ಶಂಕರಪೋಳಿಯಂಥ ತುಕ್ಡಿ, ಹೂವಿನ ಅಚ್ಚಿನ ಕೊಕ್ಕಿಸಾಂ, ಚಕ್ಕುಲಿ, ಲಾಡು, ಜೊತೆಗೆ ಪ್ಲಮ್ ಕೇಕ್. ಕೆಲವು ಮನೆಗಳಲ್ಲಿ ಸೀಬೆಹಣ್ಣಿನ ಪೆರಾಡ್, ಗೇರುಬೀಜದ ಮ್ಯಾಕರೂನ್, ಬೆಲ್ಲ-ತೆಂಗಿನ ಹಾಲಿನ ಹಲ್ವದಂಥ ದೊದೊಲ್ ಕೂಡ. ಗೋವಾದಿಂದ ಹದಿನಾರನೇ ಶತಮಾನದಿಂದೀಚೆಗೆ ಕರಾವಳಿಗೆ ಇಳಿದು ಬಂದ ಕುಟುಂಬಗಳು ಈ ಪದ್ಧತಿಯನ್ನು ತಮ್ಮೊಂದಿಗೆ ತಂದವು. ಗೋವಾದಲ್ಲಿ ಇಂದಿಗೂ ಇದೇ ರೀತಿ ‘ಕೊನ್ಸುವಾದ್’ ತಟ್ಟೆ ಹಂಚುತ್ತಾರೆ, ಮುಂಬಯಿಯ ಮೂಲನಿವಾಸಿ ಕ್ಯಾಥೊಲಿಕರಾದ ಈಸ್ಟ್ ಇಂಡಿಯನ್ನರಲ್ಲೂ ಇದೆ. ಮಂಗಳೂರಿನ ತಟ್ಟೆಯ ಗುರುತು ಅಕ್ಕಿ ಮತ್ತು ತೆಂಗಿನ ಹಾಲು. ಮೈದಾ ಇದ್ದಲ್ಲೂ ಹೆಚ್ಚಾಗಿ ತೆಂಗಿನ ಹಾಲು ಬರುತ್ತದೆ. ಇದನ್ನು ನೆನಪಿಡಿ, ಡಬ್ಬಿಯ ಗುಣ ಅಳೆಯಲು ಇದೇ ಮೊದಲ ಅಳತೆಗೋಲು.

ಡಬ್ಬಿಯ ತೊಂದರೆ ಏನು? ತೇವ. ಕಿಡ್ಯೊ, ತುಕ್ಡಿ, ಕೊಕ್ಕಿಸಾಂ, ಚಕ್ಕುಲಿ, ಇವೆಲ್ಲ ಚೆನ್ನಾಗಿ ಕರಿದು ಒಣಗಿದ ತಿಂಡಿಗಳು. ಗಾಳಿಯಲ್ಲಿ ತೇವವಿದ್ದರೆ ಸಾಕು, ಎಳೆದುಕೊಳ್ಳುತ್ತವೆ. ಕೇಕ್, ಪೆರಾಡ್, ದೊದೊಲ್, ಹಸಿ ಕಾಯಿತುರಿ ತುಂಬಿದ ನೆವ್ರಿ, ಇವು ತೇವ ಬಿಟ್ಟುಕೊಡುವ ಪೈಕಿ. ಎರಡನ್ನೂ ಒಂದೇ ಮುಚ್ಚಳದ ಕೆಳಗೆ ಇಟ್ಟರೆ ಒಂದೆರಡು ದಿನದಲ್ಲಿ ಕೇಕಿನ ಅಂಚು ಒಣಗುತ್ತದೆ, ಕೊಕ್ಕಿಸಾಂ ಮೆತ್ತಗಾಗುತ್ತದೆ. ನಡುವೆ ರಟ್ಟಿನ ತಡೆ ಇದ್ದರೂ ಪ್ರಯೋಜನವಿಲ್ಲ, ರಟ್ಟು ತೇವವನ್ನು ತಡೆಯುವುದಿಲ್ಲ. ಒಳ್ಳೆಯ ಬೇಕರಿಗಳು ಈಗ ಪ್ರತಿ ಬಗೆಯನ್ನೂ ಪ್ರತ್ಯೇಕ ಪ್ಲಾಸ್ಟಿಕ್ ಚೀಲದಲ್ಲಿ ಸೀಲ್ ಮಾಡಿ ಡಬ್ಬಿಗೆ ಇಡುತ್ತಿವೆ. ನೋಡಲು ಅಷ್ಟು ಅಂದವಿಲ್ಲ, ಆದರೆ ಕೊಳ್ಳುವುದಾದರೆ ಅಂಥದ್ದನ್ನೇ ಕೊಳ್ಳಿ. ಬಿಡಿಯಾಗಿ ಹರಡಿ, ಮೇಲೆ ಪಾರದರ್ಶಕ ಹಾಳೆ ಹೊದಿಸಿದ ಚಂದದ ಡಬ್ಬಿ ಅಂದೇ ತಿಂದು ಮುಗಿಸುವುದಾದರೆ ಮಾತ್ರ ಸರಿ.

ನಾರ್ವೆಯ ಮನೆಗಳಲ್ಲಿ ಕ್ರಿಸ್ಮಸ್‌ಗೆ ಏಳು ಬಗೆಯ ಬಿಸ್ಕತ್ತು ಮಾಡುವ ಪದ್ಧತಿ ಇದೆ, ‘ಸ್ಯೂ ಸ್ಲಾಗ್’ ಅನ್ನುತ್ತಾರೆ. ಅದರಲ್ಲಿ ವಜ್ರಾಕಾರಕ್ಕೆ ಕತ್ತರಿಸಿ, ನಡುವೆ ಸೀಳಿ, ಒಂದು ತುದಿಯನ್ನು ಸೀಳಿನೊಳಗಿಂದ ಎಳೆದು ಕರಿಯುವ ‘ಫಟ್ಟಿಗ್‌ಮನ್’ ಬರುತ್ತದೆ. ಅದಕ್ಕೂ ಏಲಕ್ಕಿ ಹಾಕುತ್ತಾರೆ. ನಮ್ಮ ತುಕ್ಡಿಯ ದೂರದ ನೆಂಟ ಅನ್ನಿ. ಹೂವಿನ ಅಚ್ಚನ್ನು ಹಿಟ್ಟಿನಲ್ಲಿ ಅದ್ದಿ ಎಣ್ಣೆಗಿಳಿಸುವ ಕೊಕ್ಕಿಸಾಂ ಕೂಡ ಅಲ್ಲಿ ‘ರೊಸೆಟ್’ ಎಂಬ ಹೆಸರಿನಲ್ಲಿದೆ. ಅಲ್ಲಿನವರು ಗರಿಗರಿ ಬಗೆಯನ್ನೂ ಮೆತ್ತನೆಯ ಬಗೆಯನ್ನೂ ಬೇರೆಬೇರೆ ತಗಡಿನ ಡಬ್ಬಿಗಳಲ್ಲಿಟ್ಟು, ತಟ್ಟೆಗೆ ಬೇಕಾದಾಗ ಮಾತ್ರ ಒಟ್ಟುಗೂಡಿಸುತ್ತಾರೆ. ನಮ್ಮ ಮನೆಗಳಲ್ಲೂ ಹಿಂದೆ ಹೀಗೇ ಇತ್ತು: ಅಟ್ಟದ ಮೇಲೆ ಸಾಲಾಗಿ ಬಿಸ್ಕತ್ತಿನ ಹಳೇ ತಗಡು ಡಬ್ಬಿಗಳು, ಒಂದೊಂದರಲ್ಲಿ ಒಂದೊಂದು ಬಗೆ. ಉಡುಗೊರೆಯ ಪೆಟ್ಟಿಗೆ ಬಂದ ಮೇಲೆ ಈ ಲೆಕ್ಕ ತಪ್ಪಿತು.

ಇನ್ನು ಒಂದೊಂದಾಗಿ.

ಕಿಡ್ಯೊ. ಬೆಂಗಳೂರು, ಕೋಲಾರದ ಚಿನ್ನದ ಗಣಿಯ ಆಂಗ್ಲೋ-ಇಂಡಿಯನ್ ಮನೆಗಳಲ್ಲಿ ಇದೇ ‘ಕುಲ್‌ಕುಲ್’. ಗೋಲಿಯಷ್ಟು ಹಿಟ್ಟನ್ನು ಫೋರ್ಕಿನ ಬೆನ್ನಿಗೋ ಹೊಸ ಬಾಚಣಿಗೆಗೋ ಒತ್ತಿ, ಹೆಬ್ಬೆರಳಿನಿಂದ ಉರುಳಿಸಿ ಸುರುಳಿ ಮಾಡಿದ್ದು. ಕೈಕೆಲಸ ತುಂಬ ಹಿಡಿಯುವ ಇದನ್ನು ಬೇಕರಿಯಿಂದ ಕೊಳ್ಳುವುದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ಅರ್ಧ ಕಿಲೋ ಮೈದಾದ ಕಿಡ್ಯೊ ಒತ್ತಲು ಒಬ್ಬರೇ ಕುಳಿತರೆ ಮಧ್ಯಾಹ್ನವಿಡೀ ಬೇಕು. ಅದಕ್ಕೇ ಇದು ಮನೆಮಂದಿಯೆಲ್ಲ ಮೇಜಿನ ಸುತ್ತ ಕೂತು ಮಾಡುವ ಕೆಲಸವಾಗಿ ಉಳಿದಿದೆ. ಆದರೆ ಕೊಳ್ಳುವ ಮುಂಚೆ ಒಂದನ್ನು ಕೈಯಲ್ಲಿ ಹಿಡಿದು ಮುರಿದು ನೋಡಿ. ಸುರುಳಿಯ ಒಳಗೆ ಟೊಳ್ಳು ಕಾಣಬೇಕು, ಗೋಡೆ ಎರಡು ಮಿಲಿಮೀಟರಿಗಿಂತ ದಪ್ಪ ಇರಬಾರದು. ಟೊಳ್ಳಿಲ್ಲದೆ ಗಟ್ಟಿ ಉಂಡೆಯಂತಿದ್ದರೆ ಅವಸರದಲ್ಲಿ ದಪ್ಪ ಒತ್ತಿದ್ದಾರೆ ಎಂದರ್ಥ. ಹೊರಗೆ ಕೆಂಪಾಗಿದ್ದರೂ ನಡುವೆ ಹಸಿ ಉಳಿದು, ಎರಡನೇ ವಾರಕ್ಕೆ ಅಲ್ಲಿಂದಲೇ ಮುಗ್ಗಲು ವಾಸನೆ ಶುರುವಾಗುತ್ತದೆ.

ಅಳತೆ ಹೀಗಿದೆ: ಅರ್ಧ ಕಿಲೋ ಮೈದಾಕ್ಕೆ ಎರಡು ದೊಡ್ಡ ಚಮಚ ತುಪ್ಪ, ಒಂದು ಮೊಟ್ಟೆ, ಸುಮಾರು 200 ಮಿಲಿ ದಪ್ಪ ತೆಂಗಿನ ಹಾಲು, ಅರ್ಧ ಚಿಕ್ಕ ಚಮಚ ಉಪ್ಪು. ಚಪಾತಿ ಹಿಟ್ಟಿಗಿಂತ ತುಸು ಗಟ್ಟಿಯಾಗಿ ಕಲಸಿ, ಒದ್ದೆ ಬಟ್ಟೆ ಮುಚ್ಚಿ ಒಂದು ಗಂಟೆ ಬಿಡಬೇಕು. ಈ ಒಂದು ಗಂಟೆಯನ್ನು ಉಳಿಸಲು ಹೋದರೆ ಹಿಟ್ಟು ರಬ್ಬರಿನಂತೆ ಹಿಂದಕ್ಕೆ ಎಳೆಯುತ್ತದೆ, ಗೆರೆ ಮೂಡುವುದಿಲ್ಲ. ಒತ್ತಿದ ಸುರುಳಿಯ ಕೊನೆ ಅಂಟದಿದ್ದರೆ ಎಣ್ಣೆಯಲ್ಲಿ ಬಿಚ್ಚಿಕೊಳ್ಳುತ್ತದೆ. ಹಿಟ್ಟು ಒಣಗಿದ್ದರೆ ಹೀಗಾಗುವುದು, ಆಗ ಬೆರಳ ತುದಿಗೆ ನೀರು ಮುಟ್ಟಿಸಿಕೊಂಡು ಒತ್ತಿದರೆ ಸಾಕು. ಎಣ್ಣೆ 160ರಿಂದ 170 ಡಿಗ್ರಿ. ಚೂರು ಹಿಟ್ಟು ಹಾಕಿದರೆ ತಳ ಮುಟ್ಟಿ ಮೂರ್ನಾಲ್ಕು ಸೆಕೆಂಡಿನಲ್ಲಿ ಮೇಲೆ ಬರಬೇಕು, ತಕ್ಷಣ ಪುಟಿದರೆ ಕಾವು ಹೆಚ್ಚು.

ಬೇಕರಿಗಳು ಸೋಲುವುದು ಸಕ್ಕರೆ ಲೇಪದಲ್ಲಿ. ಈ ಲೇಪ ಬಿಳಿಯಾಗಿ, ಒಣಗಿ, ಮುಟ್ಟಿದರೆ ಪುಡಿ ಹತ್ತುವಂತಿರಬೇಕು. ಅದಕ್ಕೆ 250 ಗ್ರಾಂ ಸಕ್ಕರೆಗೆ 100 ಮಿಲಿ ನೀರು ಹಾಕಿ, ಒಂದೆಳೆ ದಾಟಿಸಿ, ನೀರಿನ ಬಟ್ಟಲಿಗೆ ಹನಿಸಿದರೆ ಮೆತ್ತನೆಯ ಉಂಡೆಯಾಗುವ ತನಕ (ಥರ್ಮಾಮೀಟರ್ ಇದ್ದರೆ 115 ಡಿಗ್ರಿ) ಕುದಿಸಿ ಇಳಿಸಬೇಕು. ಆಮೇಲೆ ಕಿಡ್ಯೊ ಸುರಿದು ಬಿಡದೆ ಕೈಯಾಡಿಸಬೇಕು. ಕೈಯಾಡಿಸುವಾಗಲೇ ಪಾಕ ಮರಳುಗಟ್ಟಿ ಬಿಳಿ ಪೊರೆಯಾಗುತ್ತದೆ. ಒಂದೆಳೆ ಪಾಕದಲ್ಲೇ ಅದ್ದಿ ತೆಗೆದರೆ ಫಳಫಳ ಹೊಳೆಯುತ್ತದೆ, ಗ್ರಾಹಕರಿಗೆ ಇಷ್ಟವಾಗುತ್ತದೆ, ಮರುದಿನಕ್ಕೆ ಅಂಟಂಟಾಗುತ್ತದೆ. ಡಬ್ಬಿಯಲ್ಲಿ ಕಿಡ್ಯೊ ಒಂದಕ್ಕೊಂದು ಅಂಟಿಕೊಂಡು ಗೊಂಚಲಾಗಿದ್ದರೆ ಕಾರಣ ಇದು. ಹೊಳಪಿದ್ದದ್ದನ್ನು ಬಿಟ್ಟು ಮಂಕು ಬಿಳಿಯದನ್ನು ಆರಿಸಿ.

ಕೊಕ್ಕಿಸಾಂ. ಕೇರಳದಲ್ಲಿ ಅಚ್ಚಪ್ಪಂ, ತಮಿಳುನಾಡಿನಲ್ಲಿ ಅಚ್ಚು ಮುರುಕ್ಕು, ಬೆಂಗಳೂರಿನ ಬೇಕರಿಯಲ್ಲಿ ರೋಸ್ ಕುಕೀಸ್. ಇದನ್ನು ಬೇಕರಿಯಿಂದಲೇ ಕೊಳ್ಳಿ ಎಂಬುದು ಖಚಿತ ಸಲಹೆ. ಕಾರಣ ಅಚ್ಚು. ಹೊಸ ಕಬ್ಬಿಣದ ಅಚ್ಚು ಹಿಟ್ಟನ್ನು ಬಿಡುವುದೇ ಇಲ್ಲ; ರಾತ್ರಿಯಿಡೀ ಎಣ್ಣೆಯಲ್ಲಿ ನೆನೆಸಿ, ಬಿಸಿಯೆಣ್ಣೆಯಲ್ಲಿ ಹಲವು ಬಾರಿ ಕಾಯಿಸಿ ಪಳಗಿಸಬೇಕು. ದಿನಕ್ಕೆ ನೂರಾರು ಹೂ ಬಿಡಿಸುವ ಬೇಕರಿಯ ಅಚ್ಚು ಪಳಗಿ ಪಳಗಿ ಕಪ್ಪಾಗಿರುತ್ತದೆ. ಹಿತ್ತಾಳೆ, ಅಲ್ಯೂಮಿನಿಯಂ ಅಚ್ಚುಗಳೂ ಇವೆ, ಕಬ್ಬಿಣದಷ್ಟು ಹೊತ್ತು ಬಿಸಿ ಹಿಡಿಯುವುದಿಲ್ಲ.

ಮನೆಯಲ್ಲಿ ಮಾಡುವ ಹಟ ಇದ್ದವರಿಗೆ: 200 ಗ್ರಾಂ ನುಣ್ಣನೆಯ ಬೆಳ್ತಿಗೆ ಅಕ್ಕಿ ಹಿಟ್ಟು, 100 ಗ್ರಾಂ ಮೈದಾ, 125 ಗ್ರಾಂ ಸಕ್ಕರೆ, ಎರಡು ಮೊಟ್ಟೆ, ಸುಮಾರು 300 ಮಿಲಿ ತೆಂಗಿನ ಹಾಲು, ಚಿಟಿಕೆ ಉಪ್ಪು, ಒಂದು ಚಿಕ್ಕ ಚಮಚ ಕರಿ ಎಳ್ಳು. ಹಿಟ್ಟಿನ ಹದ ನೀರುದೋಸೆಗಿಂತ ದಪ್ಪ, ಉದ್ದಿನ ದೋಸೆಗಿಂತ ತೆಳು. ಅಕ್ಕಿ ಹಿಟ್ಟು ತಳಕ್ಕೆ ಇಳಿಯುವುದರಿಂದ ಪ್ರತಿ ಸಲ ಅದ್ದುವ ಮುಂಚೆ ಕಲಕಬೇಕು. ಇಲ್ಲದಿದ್ದರೆ ಮೊದಲ ಇಪ್ಪತ್ತು ಹೂ ಮೆತ್ತಗೆ, ಕೊನೆಯ ಇಪ್ಪತ್ತು ಕಲ್ಲು. ಅಚ್ಚನ್ನು ಎಣ್ಣೆಯಲ್ಲಿ ಕಾಯಿಸಿ, ಮೇಲಿನ ಎಣ್ಣೆ ಕೊಡವಿ, ಹಿಟ್ಟಿನಲ್ಲಿ ಮುಕ್ಕಾಲು ಭಾಗ ಮಾತ್ರ ಮುಳುಗಿಸಬೇಕು. ಅಚ್ಚಿನ ತಲೆ ದಾಟಿ ಹಿಟ್ಟು ಹತ್ತಿದರೆ ಹೂ ಅಚ್ಚಿಗೆ ಬೀಗ ಹಾಕಿಕೊಂಡಂತೆ, ಚಾಕುವಿನಲ್ಲಿ ಕೆರೆದೇ ತೆಗೆಯಬೇಕಾಗುತ್ತದೆ. ಅದ್ದಿದಾಗ ‘ಚುಂಯ್’ ಎಂದು ಮೆಲ್ಲಗೆ ಸದ್ದಾದರೆ ಬಿಸಿ ಸರಿ. ಸದ್ದೇ ಇಲ್ಲದಿದ್ದರೆ ಅಚ್ಚು ತಣ್ಣಗಿದೆ, ಹಿಟ್ಟು ಹತ್ತಿದರೂ ಆಮೇಲೆ ಬಿಡುವುದಿಲ್ಲ. ಅತಿ ಕಾದಿದ್ದರೆ ಹಿಟ್ಟು ನಿಲ್ಲದೆ ಬಟ್ಟಲಿಗೇ ಜಾರಿ ಬೀಳುತ್ತದೆ. ಎಣ್ಣೆಯಿಂದ ತೆಗೆದಾಗ ಹೂ ಮೆತ್ತಗಿರುವುದು ಸಹಜ, ತಣಿದ ಮೇಲೆ ಗರಿಯಾಗುತ್ತದೆ. ತಣಿದ ಮೇಲೂ ಬಾಗಿದರೆ ಬೇಗ ತೆಗೆದಿದ್ದೀರಿ, ಅಥವಾ ಮೈದಾ ಹೆಚ್ಚಾಗಿದೆ.

ಬೇಕರಿ ಕೊಕ್ಕಿಸಾಂನ ಬಗ್ಗೆ ಒಂದೇ ತಕರಾರು: ಹಲವೆಡೆ ತೆಂಗಿನ ಹಾಲಿನ ಜಾಗಕ್ಕೆ ನೀರೂ ವೆನಿಲಾ ಎಸೆನ್ಸೂ ಬಂದಿವೆ. ತುಂಡು ಬಾಯಿಗಿಟ್ಟು ಅಗಿಯದೆ ಒಂದು ಕ್ಷಣ ಬಿಡಿ. ತೆಂಗಿನ ಹಾಲಿನದ್ದಾದರೆ ನಾಲಿಗೆಯ ಮೇಲೆ ಕರಗತೊಡಗುತ್ತದೆ, ನೀರಿನದ್ದು ಚೂಪಾಗಿ ಚುಚ್ಚುತ್ತದೆ. ಇನ್ನು ತೂಕದ ವಿಷಯ. ಕೊಕ್ಕಿಸಾಂ ಹಗುರ, ತುಕ್ಡಿ ಭಾರ. ‘ಒಂದು ಕಿಲೋ ಮಿಕ್ಸ್’ ಎಂದಾಗ ತೂಕ ತುಂಬುವುದು ತುಕ್ಡಿಯಿಂದ, ಕಣ್ಣು ತುಂಬುವುದು ಮೇಲಿಟ್ಟ ನಾಲ್ಕು ಕೊಕ್ಕಿಸಾಂನಿಂದ. ಪ್ರತಿ ಬಗೆಯೂ ಎಷ್ಟು ಗ್ರಾಂ ಅಥವಾ ಎಷ್ಟು ಎಣಿಕೆ ಎಂದು ಕೇಳಿ. ಹೇಳಲಾಗದಿದ್ದರೆ ಆ ಡಬ್ಬಿ ಬಿಡಿ.

ನೆವ್ರಿ. ಮಿಕ್ಸ್ ಡಬ್ಬಿಯ ದುರ್ಬಲ ಕೊಂಡಿ ಇದು. ಆಕಾರದಲ್ಲಿ ನಮ್ಮ ಕರ್ಜಿಕಾಯಿಯೇ. ಒಳಗೆ ಹುರಿದ ಎಳ್ಳು, ಕಾಯಿತುರಿ, ಸಕ್ಕರೆ, ಗೇರುಬೀಜ, ದ್ರಾಕ್ಷಿ, ಏಲಕ್ಕಿ. ಬೇಕರಿಯ ನೆವ್ರಿಯನ್ನು ವಾರದ ನಂತರ ಮುರಿದು ಮೂಸಿದರೆ ಕೆಲವೊಮ್ಮೆ ಸಾಬೂನಿನ ವಾಸನೆ ಬರುತ್ತದೆ. ಕಲಬೆರಕೆ ಎಂದು ಜಗಳಕ್ಕೆ ಹೋಗಬೇಡಿ. ಕಾಯಿತುರಿಯಲ್ಲಿ ನೀರಿನಂಶ ಉಳಿದರೆ ತೆಂಗಿನ ಕೊಬ್ಬು ಒಡೆದು ಲಾರಿಕ್ ಆಮ್ಲ ಬಿಡುಗಡೆಯಾಗುತ್ತದೆ, ಸಾಬೂನಿನ ರುಚಿ ಅದರದ್ದೇ. ಕಾಯಿತುರಿಯನ್ನು ಸಾಕಷ್ಟು ಹುರಿಯದೆ ತುಂಬಿದ್ದಾರೆ, ಅಷ್ಟೆ. ಆರ್ಡರುಗಳ ನೂಕುನುಗ್ಗಲಲ್ಲಿ ಸಣ್ಣ ಉರಿಯಲ್ಲಿ ಇಪ್ಪತ್ತೈದು ನಿಮಿಷ ಕಾಯಿ ಹುರಿಯುತ್ತ ನಿಲ್ಲಲು ಯಾರಿಗೂ ಪುರುಸೊತ್ತಿಲ್ಲ. ಆದ್ದರಿಂದಲೇ ಇದು ಮನೆಯಲ್ಲಿ ಆಗಬೇಕು.

200 ಗ್ರಾಂ ಹಸಿ ಕಾಯಿತುರಿಯನ್ನು ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿಯಿರಿ. ತೂಕ ಅರ್ಧಕ್ಕೆ ಇಳಿಯಬೇಕು. ತಕ್ಕಡಿ ಇದ್ದರೆ ತೂಗಿಯೇ ನೋಡಿ, ಬಣ್ಣ ನೋಡಿ ಅಂದಾಜಿಸುವುದಕ್ಕಿಂತ ಇದು ನಂಬಿಕೆಗೆ ಅರ್ಹ. 100 ಗ್ರಾಂ ಬಿಳಿ ಎಳ್ಳನ್ನು ಬೇರೆಯಾಗಿ ಚಟಪಟಿಸುವ ತನಕ ಹುರಿದು, ಅರ್ಧದಷ್ಟನ್ನು ತರಿತರಿಯಾಗಿ ಕುಟ್ಟಿ. ಎಲ್ಲವೂ ಪೂರ್ತಿ ತಣಿದ ಮೇಲೆ 150 ಗ್ರಾಂ ಪುಡಿ ಸಕ್ಕರೆ, 50 ಗ್ರಾಂ ಗೇರುಬೀಜದ ಚೂರು, ಸ್ವಲ್ಪ ದ್ರಾಕ್ಷಿ, ಐದಾರು ಏಲಕ್ಕಿಯ ಪುಡಿ. ‘ಪೂರ್ತಿ ತಣಿದ ಮೇಲೆ’ ಎಂಬುದನ್ನು ಲಘುವಾಗಿ ತೆಗೆದುಕೊಂಡರೆ ಬಿಸಿಗೆ ಸಕ್ಕರೆ ನೀರೊಡೆದು ಹೂರಣ ಒದ್ದೆಯಾಗುತ್ತದೆ. ಕಣಕಕ್ಕೆ 250 ಗ್ರಾಂ ಮೈದಾ, 50 ಗ್ರಾಂ ಚಿರೋಟಿ ರವೆ, ಎರಡು ಚಮಚ ಬಿಸಿ ತುಪ್ಪ, ಉಪ್ಪು, 120 ಮಿಲಿಯಷ್ಟು ನೀರು. ಅರ್ಧ ಗಂಟೆ ಬಿಟ್ಟು, ತೆಳ್ಳಗೆ ಲಟ್ಟಿಸಿ, ಮೂರೂವರೆ ಇಂಚಿನ ವೃತ್ತ ಕತ್ತರಿಸಿ. ಒಂದೊಂದಕ್ಕೆ ಒಂದು ದೊಡ್ಡ ಚಮಚ ಹೂರಣ, ಅದಕ್ಕಿಂತ ಹೆಚ್ಚು ಬೇಡ. ಮಡಚುವಾಗ ಒಳಗಿನ ಗಾಳಿಯನ್ನು ಬೆರಳಿನಿಂದ ಒತ್ತಿ ಹೊರಹಾಕಿ, ಅಂಚಿಗೆ ನೀರೋ ಹಾಲೋ ಸವರಿ, ಹಲ್ಲಿನ ಚಕ್ರ ಉರುಳಿಸಿ. ಮೂವತ್ತರ ಸುಮಾರು ನೆವ್ರಿ ಆಗುತ್ತವೆ.

ಒಂದು ನೆವ್ರಿ ಬಾಯಿ ಬಿಟ್ಟರೂ ಹೂರಣದ ಸಕ್ಕರೆ, ಎಳ್ಳು ಎಣ್ಣೆಗೆ ಬಿದ್ದು ಕರಟುತ್ತದೆ. ಆ ಕಪ್ಪು ಚುಕ್ಕೆ ಮುಂದಿನ ಘಾಣದ ಪ್ರತಿ ತಿಂಡಿಗೂ ಹತ್ತುತ್ತದೆ. ಆಗ ಒಲೆ ಆರಿಸಿ ಎಣ್ಣೆ ಸೋಸುವುದೊಂದೇ ದಾರಿ. ಬೇಕರಿಯ ತುಕ್ಡಿಯ ಮೈಮೇಲೆ ಕಪ್ಪು ಚುಕ್ಕೆಗಳಿದ್ದರೆ ನೆವ್ರಿ ಕರಿದ ಎಣ್ಣೆಯಲ್ಲೇ ಅದನ್ನೂ ಕರಿದಿರುವ ಸಾಧ್ಯತೆ ಹೆಚ್ಚು.

ಎಣ್ಣೆಯ ಮಾತು ಬಂತು. ಕರಾವಳಿಯ ಹಳೆಯ ರೂಢಿ ತೆಂಗಿನೆಣ್ಣೆ. ತಾಜಾ ಇದ್ದಾಗ ಅದರ ಪರಿಮಳಕ್ಕೆ ಸಾಟಿಯಿಲ್ಲ, ಗಾಳಿಗೆ ಬೇಗ ಕಮಟುವುದೂ ಇಲ್ಲ, ತೇವ ಸೇರಿದರೆ ಮಾತ್ರ ಮೇಲೆ ಹೇಳಿದ ಸಾಬೂನಿನ ಕಾಟ. ಬೇಕರಿಗಳು ಬೆಲೆಯ ಕಾರಣಕ್ಕೆ ತಾಳೆ ಎಣ್ಣೆಗೆ ಹೋಗಿವೆ; ರುಚಿ ಸಪ್ಪೆ, ಬಾಳಿಕೆಗೆ ಅಡ್ಡಿಯಿಲ್ಲ. ತಪ್ಪು ಇರುವುದು ಒಂದೇ ಎಣ್ಣೆಯನ್ನು ದಿನಗಟ್ಟಲೆ ಕಾಯಿಸುವುದರಲ್ಲಿ. ಕರಿದ ಎಣ್ಣೆಯಲ್ಲಿ ‘ಟೋಟಲ್ ಪೋಲಾರ್ ಕಾಂಪೌಂಡ್’ (ಎಣ್ಣೆ ಕಾದು ಕಾದು ಕೆಟ್ಟಾಗ ಹುಟ್ಟುವ ಪದಾರ್ಥಗಳು) 25 ಶೇಕಡಾ ದಾಟಬಾರದು ಎಂದು ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮವಿದೆ, ಆದರೆ ಗ್ರಾಹಕರ ಕೈಯಲ್ಲಿ ಅದನ್ನು ಅಳೆಯುವ ಯಂತ್ರ ಇರುವುದಿಲ್ಲವಲ್ಲ. ತುಕ್ಡಿಯನ್ನು ಟಿಶ್ಯೂ ಕಾಗದದಲ್ಲಿ ಒತ್ತಿ ನೋಡಿ: ಎಣ್ಣೆ ಜಿಗುಟಾಗಿ, ಕಂದು ಬಣ್ಣದಲ್ಲಿ ಹತ್ತಿದರೆ, ತಿಂದ ಮೇಲೆ ಗಂಟಲು ಕೆರೆದರೆ, ಎಣ್ಣೆಯ ಆಯುಸ್ಸು ಮುಗಿದಿತ್ತು ಎಂದೇ ಲೆಕ್ಕ.

ತುಕ್ಡಿ, ಚಕ್ಕುಲಿ ಬಗ್ಗೆ ಹೆಚ್ಚು ಬರೆಯುವಂಥದ್ದಿಲ್ಲ. ತುಕ್ಡಿ ಶಂಕರಪೋಳಿಯ ಅಣ್ಣ, ಬಹಳ ಕಡೆ ಮೊಟ್ಟೆ ಹಾಕುತ್ತಾರೆ ಎಂಬುದಷ್ಟೇ ವ್ಯತ್ಯಾಸ. ಚಕ್ಕುಲಿ ಯಾವ ಬೇಕರಿಯದ್ದಾದರೂ ನಡೆಯುತ್ತದೆ, ಸಿಹಿಯ ನಡುವೆ ಖಾರಕ್ಕೊಂದು ಬೇಕು.

ಗುಳಿಯೊ ಮಾತ್ರ ಎಚ್ಚರಿಕೆಯ ವಸ್ತು. ಅಕ್ಕಿಯನ್ನು ತೆಂಗಿನ ಹಾಲಿನೊಂದಿಗೆ ಅರೆದು, ಕಾಸಿ, ಗಟ್ಟಿ ಮಾಡಿ, ಗೋಲಿ ಕಟ್ಟಿ ಕರಿದು ಪಾಕದಲ್ಲಿ ಹೊರಳಿಸಿದ್ದು. ಮನೆಯಲ್ಲಿ ಮೊದಲ ಸಲ ಮಾಡುವವರು ದೂರ ಇರುವುದು ಒಳ್ಳೆಯದು. ಅಕ್ಕಿ ಹಿಟ್ಟಿನ ಗೋಲಿಯ ಹೊರಪದರ ಮೊದಲು ಗಟ್ಟಿಯಾಗಿ, ಒಳಗಿನ ಆವಿಗೆ ದಾರಿ ಸಿಗದೆ, ಬಿಸಿಯೆಣ್ಣೆಯಲ್ಲಿ ಪಟ್ಟೆಂದು ಸಿಡಿಯುತ್ತದೆ. ಅಕ್ಕಿ ಹಿಟ್ಟಿನ ಗೋಲಿ ತಿಂಡಿಯಾದ ಸೀಡೆ ಮಾಡಿದವರಿಗೆ ಈ ಅಪಾಯ ಗೊತ್ತು. ಅರೆಯುವ ಬದಲು ಒಣ ಹಿಟ್ಟು ಬಳಸುವುದಾದರೆ ಅದನ್ನು ಸಣ್ಣ ಜರಡಿಯಲ್ಲಿ ಆಡಿಸಬೇಕು, ಗೋಲಿಯನ್ನು ಒತ್ತಿ ನುಣುಪು ಮಾಡದೆ ಸಡಿಲವಾಗಿ ಕಟ್ಟಬೇಕು, ಸೂಜಿಯಲ್ಲಿ ಒಂದು ತೂತು ಹಾಕಿ, ಮಧ್ಯಮ ಕಾವಿನ ಎಣ್ಣೆಗೆ ಸ್ವಲ್ಪಸ್ವಲ್ಪವೇ ಬಿಡಬೇಕು. ಮುಖವನ್ನು ಬಾಣಲೆಯ ಮೇಲೆ ಬಾಗಿಸಕೂಡದು. ಬೇಕರಿಯಲ್ಲಿ ಕೊಳ್ಳುವುದಾದರೆ ಅದೇ ವಾರ ಕರಿದದ್ದನ್ನೇ ಕೊಳ್ಳಿ. ಹಳತಾದಂತೆ ಗಟ್ಟಿಯಾಗುತ್ತ ಹೋಗುತ್ತದೆ, ವಯಸ್ಸಾದವರ ಹಲ್ಲಿಗೆ ಆಗುವುದಿಲ್ಲ.

ಪ್ಲಮ್ ಕೇಕ್. ಡಬ್ಬಿಯ ನಡುವೆ ಚಿಕ್ಕ ತುಂಡಾಗಿ ಬರುವ ಕೇಕ್ ಬಹುಮಟ್ಟಿಗೆ ನೆಪಕ್ಕೆ. ಬಣ್ಣ ಕಂಡು ಮೋಸ ಹೋಗಬೇಡಿ. ಕಪ್ಪು ಬಣ್ಣ ಬರಬೇಕಾದದ್ದು ಸುಟ್ಟ ಸಕ್ಕರೆಯ ಪಾಕದಿಂದ ಮತ್ತು ರಮ್ಮಿನಲ್ಲೋ ಬ್ರಾಂದಿಯಲ್ಲೋ ವಾರಗಟ್ಟಲೆ ನೆಂದ ದ್ರಾಕ್ಷಿಯಿಂದ. ಅಂಗಡಿಯ ಕ್ಯಾರಮೆಲ್ ಬಣ್ಣ ಸುರಿದರೂ ಅಷ್ಟೇ ಕಪ್ಪಾಗುತ್ತದೆ. ಬಿಡಿ ಕೇಕ್ ಕೊಳ್ಳುವಾಗ ಲೇಬಲ್ ಓದಿ. ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲೇ ಬರೆಯಬೇಕು. ಒಣದ್ರಾಕ್ಷಿ, ಖರ್ಜೂರ ಮೊದಲ ಮೂರ್ನಾಲ್ಕರಲ್ಲಿದ್ದರೆ ಹಣ್ಣಿನ ಕೇಕು. ಟೂಟಿ ಫ್ರೂಟಿ ಅವಕ್ಕಿಂತ ಮುಂದೆ ಇದ್ದರೆ ನೀವು ಕೊಳ್ಳುತ್ತಿರುವುದು ಸಕ್ಕರೆಯಲ್ಲಿ ಅದ್ದಿದ ಪಪ್ಪಾಯಿಕಾಯಿ. ತುಂಡನ್ನು ಕತ್ತರಿಸಿದಾಗ ಹಣ್ಣೆಲ್ಲ ತಳದಲ್ಲಿ ಕೂತಿದ್ದರೆ ಹಿಟ್ಟು ತೆಳುವಾಗಿತ್ತು, ಅಥವಾ ನೆನೆದ ಹಣ್ಣನ್ನು ಬಸಿದು ಮೈದಾದಲ್ಲಿ ಹೊರಳಿಸದೆ ಹಾಕಿದ್ದಾರೆ. ಒಂದು ಕಿಲೋದ ಒಳ್ಳೆಯ ಕೇಕು 150 ಡಿಗ್ರಿಯಲ್ಲಿ ಒಂದೂವರೆಯಿಂದ ಎರಡು ಗಂಟೆ ಬೇಯುತ್ತದೆ. ಮೇಲ್ಮೈ ಬಿರಿದು ನಡುವೆ ಗೋಪುರದಂತೆ ಎದ್ದಿದ್ದರೆ ಹೆಚ್ಚು ಶಾಖದಲ್ಲಿ ಅವಸರವಾಗಿ ಬೇಯಿಸಿದ್ದು.

ಗೋವಾದಿಂದ ಬರುವ ಡಬ್ಬಿಗಳೂ ಈಗ ಬೆಂಗಳೂರಿನಲ್ಲಿ ಸಿಗುತ್ತವೆ. ಅದರಲ್ಲಿ ಬೆಬಿಂಕಾ, ದೊದೊಲ್‌ನದ್ದೇ ಕಾರುಬಾರು. ಬೆಬಿಂಕಾ ಎಂದರೆ ಮೊಟ್ಟೆಯ ಹಳದಿ, ತೆಂಗಿನ ಹಾಲು, ತುಪ್ಪದ ಹಿಟ್ಟನ್ನು ಮೇಲಿನಿಂದ ಶಾಖ ಕೊಟ್ಟು ಪದರಪದರವಾಗಿ ಬೇಯಿಸಿದ್ದು, ಸಾಮಾನ್ಯವಾಗಿ ಏಳು ಪದರ. ಪದರಗಳು ಬೆರಳಲ್ಲಿ ಬಿಡಿಸಿದರೆ ಬಿಡಬೇಕು. ಒಂದೇ ಮುದ್ದೆಯಾಗಿದ್ದರೆ ಕೆಳಗಿನದ್ದು ಬೇಯುವ ಮೊದಲೇ ಮುಂದಿನದ್ದನ್ನು ಸುರಿದಿದ್ದಾರೆ. ಎರಡೂ ಚೆನ್ನಾಗಿಯೇ ಇರುತ್ತವೆ, ಕಿಡ್ಯೊ ಜೊತೆ ಒಂದೇ ಡಬ್ಬಿಯಲ್ಲಿ ಮಾತ್ರ ಬೇಡ.

ಸಸ್ಯಾಹಾರಿ ನೆರೆಯವರಿಗೆ ಕೊಡುವವರು ಗಮನಿಸಬೇಕಾದ ಸಂಗತಿ: ಕಿಡ್ಯೊ, ತುಕ್ಡಿ, ಕೊಕ್ಕಿಸಾಂ ಮೂರರಲ್ಲೂ ಮೊಟ್ಟೆ ಇರುವುದೇ ಸಾಮಾನ್ಯ, ಮ್ಯಾಕರೂನ್ ಅಂತೂ ಮೊಟ್ಟೆಯ ಬಿಳಿಯಿಂದಲೇ ಆದದ್ದು. ಲೇಬಲ್ ಮೇಲೆ ಹಸಿರು ಚುಕ್ಕೆಯೋ ಕಂದು ತ್ರಿಕೋನವೋ ನೋಡಿ. ಬಿಡಿಯಾಗಿ ತೂಗಿಸಿಕೊಂಡರೆ ಬಾಯಿಬಿಟ್ಟು ಕೇಳಿ. ನೆವ್ರಿ, ಚಕ್ಕುಲಿ, ಗುಳಿಯೊ ಸಾಮಾನ್ಯವಾಗಿ ಮೊಟ್ಟೆಯಿಲ್ಲದವು. ಈ ಮೂರರ ತಟ್ಟೆ ಪ್ರತ್ಯೇಕ ಮಾಡಿದರೆ ಯಾರಿಗೂ ಮುಜುಗರವಿಲ್ಲ. ಮೊಟ್ಟೆಯಿಲ್ಲದ ಕೊಕ್ಕಿಸಾಂ ಎಂದು ಮಾರುವುದೂ ಇದೆ, ತುಸು ಗಟ್ಟಿ, ಆದರೆ ತಿನ್ನುವಂತಿರುತ್ತದೆ.

ಯಾವಾಗ ಕೊಳ್ಳಬೇಕು? ಡಿಸೆಂಬರ್ 20ರ ನಂತರ ಬೇಕರಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಎಣ್ಣೆಯೂ ದಣಿದಿರುತ್ತದೆ. ಒಣ ಬಗೆಗಳನ್ನು 15ರಿಂದ 18ರೊಳಗೆ, ಬೆಳಗಿನ ಹೊತ್ತು, ಅಂದು ಕರಿದದ್ದೇ ಎಂದು ಕೇಳಿ ಕೊಳ್ಳಿ. ಟ್ರೇಯಲ್ಲಿಟ್ಟು ಬಿಡಿಯಾಗಿ ಮಾರುವ ಸಿಹಿತಿಂಡಿಗೂ ‘ಬೆಸ್ಟ್ ಬಿಫೋರ್’ ದಿನಾಂಕ ತೋರಿಸಬೇಕೆಂಬ ನಿಯಮ 2020ರಲ್ಲಿ ಬಂದಿತ್ತು. ಚೀಟಿ ಇಲ್ಲದ ಟ್ರೇಯ ಮುಂದೆ ನಿಂತು ಕೇಳಲು ಹಿಂಜರಿಯಬೇಡಿ. ಮನೆಯಲ್ಲೇ ಮಾಡಿಕೊಡುವವರು ಇಗರ್ಜಿಯ ಸುತ್ತಮುತ್ತ ಬೇಕಾದಷ್ಟು ಮಂದಿ ಇದ್ದಾರೆ, ನವೆಂಬರ್ ಕೊನೆಯೊಳಗೆ ಹೇಳಿಟ್ಟರೆ ಮಾತ್ರ ಸಿಗುತ್ತದೆ. ಬೆಲೆ ಬೇಕರಿಗಿಂತ ಹೆಚ್ಚೇ ಇರುತ್ತದೆ, ನೆವ್ರಿ ಮತ್ತು ಕಿಡ್ಯೊಗೆ ಆ ಹೆಚ್ಚಳ ನ್ಯಾಯವೇ. ಚಕ್ಕುಲಿಗೆ ಕೊಡಬೇಕಾಗಿಲ್ಲ.

ಮನೆಗೆ ತಂದ ಮೇಲೆ ಬಗೆಗೊಂದು ಡಬ್ಬಿ, ಸ್ಟೀಲಿನದ್ದಾದರೆ ಉತ್ತಮ. ತಳಕ್ಕೆ ಬಟರ್ ಪೇಪರ್. ಬಿಸಿ ಆರದೆ ಮುಚ್ಚಳ ಹಾಕಬೇಡಿ. ಫ್ರಿಜ್ ಬೇಡವೇ ಬೇಡ: ಹೊರತೆಗೆದ ಕೂಡಲೇ ತಣ್ಣನೆಯ ತಿಂಡಿಯ ಮೇಲೆ ನೀರು ಕಟ್ಟಿ ಗರಿ ಹೋಗುತ್ತದೆ. ಮೆತ್ತಗಾದ ಕೊಕ್ಕಿಸಾಂ, ಚಕ್ಕುಲಿಯನ್ನು 120 ಡಿಗ್ರಿ ಓವನ್‌ನಲ್ಲಿ ಎಂಟು-ಹತ್ತು ನಿಮಿಷ ಇಟ್ಟು, ಹೊರಗೆ ಪೂರ್ತಿ ತಣಿಸಿದರೆ ಮರಳಿ ಗರಿಯಾಗುತ್ತವೆ. ಅಂಟಾದ ಕಿಡ್ಯೊಗೆ ಈ ಉಪಾಯ ನಡೆಯದು. ಅದಕ್ಕೆ ಮೇಲೆ ಹೇಳಿದ 115 ಡಿಗ್ರಿಯ ಪಾಕವನ್ನು ಸ್ವಲ್ಪವೇ ಮಾಡಿ ಮತ್ತೊಮ್ಮೆ ಹೊರಳಿಸಬೇಕು. ಸಿಹಿ ಜಾಸ್ತಿಯಾಗುತ್ತದೆ, ಮಕ್ಕಳು ದೂರುವುದಿಲ್ಲ.

ಗಲ್ಫಿನಲ್ಲಿರುವವರಿಗೆ ಕಳಿಸುವುದಾದರೆ ಎರಡು ವಿಷಯ. ಮದ್ಯ ನಿಷೇಧ ಇರುವ ಕುವೈತ್‌ನಂಥ ದೇಶಕ್ಕೆ ರಮ್ ಹಾಕಿದ ಕೇಕಾಗಲಿ, ಮನೆಯ ದ್ರಾಕ್ಷಾರಸವಾಗಲಿ ಪೆಟ್ಟಿಗೆಗೆ ಸೇರಿಸಲೇಬೇಡಿ. ಕಿತ್ತಳೆ ರಸದಲ್ಲಿ ಹಣ್ಣು ನೆನೆಸಿದ ಕೇಕನ್ನೇ ಕೇಳಿ ಮಾಡಿಸಿ, ಲೇಬಲ್‌ನಲ್ಲಿ ಹಾಗೆಂದು ಬರೆದಿರಲಿ. ಕೊಕ್ಕಿಸಾಂ ಪುಡಿಯಾಗದೆ ತಲುಪಬೇಕಿದ್ದರೆ ಹೂವಿನ ಅಗಲಕ್ಕೆ ಸರಿಹೊಂದುವ ಉದ್ದನೆಯ ಸ್ಟೀಲ್ ಡಬ್ಬಿಯಲ್ಲಿ ಒಂದರ ಮೇಲೊಂದು ಪೇರಿಸಿ, ನಾಲ್ಕಕ್ಕೊಂದು ಬಟರ್ ಪೇಪರ್ ಹಾಕಿ, ಮುಚ್ಚಳದ ಕೆಳಗಿನ ಖಾಲಿಗೆ ಮುದುಡಿದ ಟಿಶ್ಯೂ ತುಂಬಿ. ಡಬ್ಬಿಯನ್ನು ಅಲ್ಲಾಡಿಸಿದರೆ ಸದ್ದು ಬರಬಾರದು.